ಸತಿಹಿತೈಷಿಣಿಯ ಒಡತಿ ನಂಜನಗೂಡು ತಿರುಮಲಾಂಬ

ನಂಜನಗೂಡು ಎಂದೊಡನೆ ಶ್ರೀಕಂಠೇಶ್ವರನ ಸನ್ನಿಧಿ, ಪಂಚ ಮಹಾರಥೋತ್ಸವ, ರಸಬಾಳೆ ನೆನಪಾಗುತ್ತವೆ. ಊರಿನ ಪಕ್ಕದಲ್ಲೇ ಹರಿಯುವ ಕಪಿಲೆ ಪೂರ್ವಾಭಿಮುಖವಾಗಿ ಸಾಗಿ, ಮಠದಿಂದ ಹೆಸರಾದ ಸುತ್ತೂರನ್ನು ದಾಟಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಯಾತ್ರಿಕರಿಗೆ ಚಿರಪರಿಚಿತವಾದ ಈ ನದೀತೀರಕ್ಕೆ ಕನ್ನಡದ ಮಹಿಳಾ ಜಾಗೃತಿಯ ಚರಿತ್ರೆಯಲ್ಲಿಯೂ ಒಂದು ಸ್ಥಾನವಿದೆ. 1913ರಲ್ಲಿ, ಇಪ್ಪತ್ತಾರು ವರ್ಷ ವಯಸ್ಸಿನ ವಿಧವೆಯೊಬ್ಬರು ಇಲ್ಲಿ ಗ್ರಂಥಮಾಲೆಯೊಂದನ್ನು ಆರಂಭಿಸಿದರು. ಅದರ ಹೆಸರು ಸತಿಹಿತೈಷಿಣಿ. ಆರಂಭಿಸಿದವರು ತಿರುಮಲಾಂಬ.

ಆಧುನಿಕ ಕನ್ನಡದ ಮೊದಲ ಲೇಖಕಿ, ಮೊದಲ ಪ್ರಕಾಶಕಿ, ಮೊದಲ ಪತ್ರಿಕಾ ಸಂಪಾದಕಿ ಎಂದು ಅವರನ್ನು ಇಂದು ಗುರುತಿಸಲಾಗುತ್ತದೆ. ಶಾಲಾ ಪಠ್ಯಗಳಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿಗಳಲ್ಲಿ ಅವರ ಹೆಸರು ಒಂದು ಸಾಲಿನ ಉತ್ತರವಾಗಿ ಕಾಣಿಸಿಕೊಳ್ಳುತ್ತದೆ. ಆ ಒಂದು ಸಾಲಿನ ಹಿಂದೆ ತೊಂಬತ್ತೈದು ವರ್ಷಗಳ ಬದುಕಿದೆ. ಅದರಲ್ಲಿ ಕೆಲವು ವರ್ಷಗಳ ಅಪೂರ್ವ ದುಡಿಮೆಯಿದೆ, ಹಲವು ದಶಕಗಳ ಮೌನವೂ ಇದೆ. ದುಡಿಮೆಯಷ್ಟೇ ಆ ಮೌನವನ್ನೂ ಅರಿತುಕೊಳ್ಳುವುದು ಅಗತ್ಯ.

ಹತ್ತರಲ್ಲಿ ಮದುವೆ, ಹದಿನಾಲ್ಕರಲ್ಲಿ ವೈಧವ್ಯ

ತಿರುಮಲಾಂಬ ಜನಿಸಿದ್ದು 1887ರ ಮಾರ್ಚ್ 25ರಂದು, ನಂಜನಗೂಡಿನಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು, ತಾಯಿ ಅಲಮೇಲಮ್ಮ. ಸಂಪ್ರದಾಯಸ್ಥ ಶ್ರೀವೈಷ್ಣವ ಕುಟುಂಬ. ಅಂದಿನ ರೂಢಿಯಂತೆ ಹತ್ತನೆಯ ವಯಸ್ಸಿನಲ್ಲಿ ಆಕೆಯ ಮದುವೆಯಾಯಿತು. ಹದಿನಾಲ್ಕು ತುಂಬುವ ಹೊತ್ತಿಗೆ ಪತಿ ತೀರಿಕೊಂಡರು.

ಮೈಸೂರು ಸಂಸ್ಥಾನ ಆಗ ಪ್ರಗತಿಪರವೆಂದು ಹೆಸರು ಪಡೆದಿತ್ತು. ಬಾಲ್ಯವಿವಾಹವನ್ನು ತಡೆಯುವ ಕಾಯಿದೆಯನ್ನು 1894ರಲ್ಲಿಯೇ ಜಾರಿಗೆ ತಂದಿತ್ತು. ಆದರೆ ಆ ಕಾಯಿದೆ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು, ಮತ್ತು ಐವತ್ತು ಮೀರಿದ ಪುರುಷರು ಹದಿನಾಲ್ಕು ತುಂಬದ ಬಾಲೆಯರನ್ನು ವರಿಸುವುದನ್ನು ಮಾತ್ರ. ಹತ್ತು ವರ್ಷದ ತಿರುಮಲಾಂಬ ಆ ಕಾಯಿದೆಯ ರಕ್ಷಣೆಯ ಹೊರಗಿದ್ದರು. ಸುಧಾರಣೆಯ ಮಿತಿ ಎಲ್ಲಿತ್ತೆಂಬುದನ್ನು ತಿಳಿಯಲು ಈ ಒಂದು ಬದುಕು ಸಾಕು. ಇಂದು ಸುತ್ತೂರು, ನಂಜನಗೂಡು, ನರಸೀಪುರ ಸೀಮೆಯಲ್ಲಿ ಹತ್ತು ವರ್ಷದ ಹುಡುಗಿ ಶಾಲೆಯ ಹಲಗೆಯ ಮೇಲೆ ಕುಳಿತಿರುತ್ತಾಳೆ. ಅಂದು ಅದೇ ವಯಸ್ಸಿನ ಹುಡುಗಿ ಹಸೆಮಣೆಯ ಮೇಲೆ ಕುಳಿತಿದ್ದಳು.

ಹೆಣ್ಣುಮಕ್ಕಳ ಶಿಕ್ಷಣಕ್ಕೂ ಸಂಸ್ಥಾನದಲ್ಲಿ ಆಗ ನಾಂದಿಯಾಗಿತ್ತು. ಅಂಬಳೆ ನರಸಿಂಹ ಅಯ್ಯಂಗಾರ್ಯರ ಪ್ರಯತ್ನದಿಂದ ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಬಾಲಕಿಯರ ಶಾಲೆಯೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ನಂಜನಗೂಡಿಗೂ ಮೈಸೂರಿಗೂ ನಡುವಣ ದೂರ ಹದಿನೈದು ಮೈಲಿಯಷ್ಟು. 1891ರಿಂದ ರೈಲು ಸಂಪರ್ಕವೂ ಇತ್ತು. ಆದರೆ ಬಾಲವಿಧವೆಯೊಬ್ಬಳ ಪಾಲಿಗೆ ಆ ದೂರವನ್ನು ಅಳೆಯುವ ಮಾನದಂಡವೇ ಬೇರೆಯಾಗಿತ್ತು.

ಕಾಲೇಜಿನ ಮೆಟ್ಟಿಲನ್ನು ಹತ್ತದ ತಿರುಮಲಾಂಬರಿಗೆ ಮನೆಯೇ ಪಾಠಶಾಲೆಯಾಯಿತು. ಮಗಳ ದುಃಖವನ್ನು ಮರೆಸಲು ತಂದೆ ಆಕೆಯ ಕೈಗೆ ಪುಸ್ತಕಗಳನ್ನಿತ್ತರು. ಕನ್ನಡದ ಜೊತೆಗೆ ತಮಿಳು, ತೆಲುಗು ಸಾಹಿತ್ಯಗಳ ಪರಿಚಯವಾಯಿತು. ಪುರಾಣ, ಕಾವ್ಯ, ಕಾದಂಬರಿಗಳ ಓದು ಬೆಳೆಯಿತು. ವಿಧವೆಯಾದವಳು ಮನೆಯ ಮೂಲೆಯಲ್ಲಿ ಕಣ್ಣಿಗೆ ಬೀಳದಂತೆ ಕಾಲ ಕಳೆಯಬೇಕೆಂದು ಸಮಾಜ ನಿರೀಕ್ಷಿಸುತ್ತಿದ್ದ ದಿನಗಳಲ್ಲಿ ಈ ತಂದೆ ತೋರಿದ ಧೈರ್ಯ ಸಣ್ಣದಲ್ಲ. ತಾವು ಕಲಿತದ್ದನ್ನು ತಿರುಮಲಾಂಬ ತಮ್ಮಲ್ಲಿಯೇ ಇರಿಸಿಕೊಳ್ಳಲಿಲ್ಲ. ನೆರೆಹೊರೆಯ ಹೆಣ್ಣುಮಕ್ಕಳನ್ನು ಮನೆಗೆ ಕರೆದು ಅಕ್ಷರ ಕಲಿಸತೊಡಗಿದರು.

ಗ್ರಂಥಮಾಲೆಯ ಸಾಹಸ

ಬಾಲವಿಧವೆಯರ ಬದುಕಿಗೆ ಹೊಸ ದಾರಿ ಹುಡುಕುವ ಯತ್ನಗಳು ದೇಶದ ಹಲವೆಡೆ ನಡೆದಿದ್ದ ಕಾಲವದು. ಕರಾವಳಿಯ ಕನ್ನಡ ನೆಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿ 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ಸ್ಥಾಪಿಸಿದ್ದರು. ತಿರುಮಲಾಂಬರಿಗಿಂತ ಒಂದೇ ವರ್ಷ ಹಿರಿಯರಾದ, ಅವರಂತೆಯೇ ಬಾಲ್ಯದಲ್ಲಿ ವಿಧವೆಯಾದ ಸುಬ್ಬಲಕ್ಷ್ಮಿಯವರು ಮದರಾಸಿನಲ್ಲಿ ಪದವಿ ಪಡೆದು ವಿಧವೆಯರ ವಿದ್ಯಾಭ್ಯಾಸಕ್ಕೆ ಮುಂದಾಗಿದ್ದರು. ಕನ್ನಡದಲ್ಲಿ ಗುಲ್ವಾಡಿ ವೆಂಕಟರಾಯರು 1899ರಲ್ಲಿ 'ಇಂದಿರಾಬಾಯಿ' ಕಾದಂಬರಿಯ ಮೂಲಕ ವಿಧವಾ ವಿವಾಹದ ಪ್ರಶ್ನೆಯನ್ನು ಎತ್ತಿದ್ದರು. ಆದರೆ ಆ ಕಾದಂಬರಿಯಲ್ಲಿ ವಿಧವೆಯ ಪರವಾಗಿ ಮಾತನಾಡಿದ್ದು ಪುರುಷ ಲೇಖಕರು. ವಿಧವೆಯೇ ಲೇಖನಿ ಹಿಡಿಯುವುದು ಕನ್ನಡದಲ್ಲಿ ಇನ್ನೂ ಆಗಬೇಕಾಗಿತ್ತು.

ಬರೆದರೂ ಪ್ರಕಟಿಸುವವರು ಯಾರು? ತಿರುಮಲಾಂಬರ ಹಿರಿಮೆ ಇರುವುದು ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರದಲ್ಲಿ. ಹಸ್ತಪ್ರತಿ ಹಿಡಿದು ಪ್ರಕಾಶಕರ ಬಾಗಿಲು ಕಾಯುವ ಬದಲು ಅವರು ತಾವೇ ಪ್ರಕಾಶಕರಾದರು. 1913ರಲ್ಲಿ ಸತಿಹಿತೈಷಿಣಿ ಗ್ರಂಥಮಾಲೆ ಹುಟ್ಟಿತು. ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದದ್ದು 1915ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ಕನ್ನಡ ನಾಡಿನ ಎರಡು ಮಹಾಸಂಸ್ಥೆಗಳು ಕಣ್ಣು ತೆರೆಯುವ ಮೊದಲೇ ನಂಜನಗೂಡಿನ ಮನೆಯೊಂದರಲ್ಲಿ ಮಹಿಳೆಯೊಬ್ಬರ ಪ್ರಕಾಶನ ಸಂಸ್ಥೆ ಕೆಲಸ ಆರಂಭಿಸಿತ್ತು.

ಅಂದಿನ ಗ್ರಂಥಮಾಲೆಗಳು ನಡೆಯುತ್ತಿದ್ದ ಕ್ರಮವನ್ನು ಗಮನಿಸಿದರೆ ಈ ಸಾಹಸದ ಅಳತೆ ಸಿಗುತ್ತದೆ. ಇಂದಿನಂತೆ ಊರೂರಿಗೆ ಪುಸ್ತಕದಂಗಡಿಗಳಿರಲಿಲ್ಲ. ಚಂದಾದಾರರನ್ನು ಹುಡುಕಬೇಕು, ಹಣ ಹೊಂದಿಸಬೇಕು, ಕಾಗದ ತರಿಸಬೇಕು, ಅಚ್ಚಿನ ಕರಡು ತಿದ್ದಬೇಕು, ಪುಸ್ತಕಗಳನ್ನು ಅಂಚೆಗೆ ಹಾಕಬೇಕು, ಬಾರದ ಹಣಕ್ಕೆ ಪತ್ರ ಬರೆಯಬೇಕು. ಪರಪುರುಷರೊಡನೆ ಮಾತನಾಡುವುದೂ ಸಲ್ಲದೆಂದು ವಿಧವೆಗೆ ವಿಧಿಸಿದ್ದ ಸಮಾಜದಲ್ಲಿ ಈ ವ್ಯವಹಾರದ ಹೊಣೆಯನ್ನು ಅವರು ಹೊತ್ತರು. ಮನೆಯಿಂದ ಹೊರಗೆ ಕಾಲಿಡಲು ಅಡ್ಡಿಯಿದ್ದವರ ಪುಸ್ತಕಗಳು ಅಂಚೆಯ ಚೀಲದಲ್ಲಿ ಊರೂರು ಸುತ್ತಿದವು.

ಮಾಲೆಯ ಮೊದಲ ಕುಸುಮ 'ಸುಶೀಲೆ' ಎಂಬ ಕಾದಂಬರಿ. ಅದು ನಾಲ್ಕು ಮುದ್ರಣಗಳನ್ನು ಕಂಡು ಸುಮಾರು ಏಳು ಸಾವಿರ ಪ್ರತಿಗಳು ಓದುಗರ ಕೈ ಸೇರಿದವು. ಅಂದಿನ ಅಕ್ಷರಸ್ಥರ ಸಂಖ್ಯೆಯನ್ನು, ಅದರಲ್ಲಿಯೂ ಓದಬಲ್ಲ ಮಹಿಳೆಯರ ಸಂಖ್ಯೆಯನ್ನು ನೆನೆದರೆ ಇದು ಬೆರಗು ಹುಟ್ಟಿಸುವ ಯಶಸ್ಸು. ಎಂ.ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಬೆಳಕು ಕಂಡದ್ದು ಇದಾದ ಎರಡು ವರ್ಷಗಳ ನಂತರ, 1915ರಲ್ಲಿ. ಮುಂದಿನ ವರ್ಷವೇ, 1914ರಲ್ಲಿ, 'ನಭಾ' ಕಾದಂಬರಿ ಹೊರಬಂತು. 'ವಿದ್ಯುಲ್ಲತಾ', 'ವಿರಾಗಿಣಿ', 'ದಕ್ಷಕನ್ಯಾ' ಮೊದಲಾದ ಕೃತಿಗಳು ಅನಂತರ ಬಂದವು. ಇವುಗಳಲ್ಲಿ 'ದಕ್ಷಕನ್ಯಾ' ಪತ್ತೇದಾರಿ ಕಾದಂಬರಿ ಎಂಬುದು ವಿಶೇಷ. ಕಾದಂಬರಿ, ನಾಟಕ, ಪ್ರಬಂಧ ಹೀಗೆ ಹಲವು ಪ್ರಕಾರಗಳಲ್ಲಿ ಅವರ ಲೇಖನಿ ಹರಿಯಿತು. ತಮ್ಮ ಕೃತಿಗಳಷ್ಟನ್ನೇ ಅಲ್ಲದೆ ಇತರರ ಬರಹಗಳನ್ನೂ ಅವರು ಈ ಮಾಲೆಯಲ್ಲಿ ಪ್ರಕಟಿಸಿದರು.

ಹೆಸರಿನಲ್ಲಿರುವ ಸತಿ

ಗ್ರಂಥಮಾಲೆಗೆ ಅವರು ಆರಿಸಿಕೊಂಡ ಹೆಸರು ಇಂದಿನ ಓದುಗರಿಗೆ ತುಸು ತೊಡಕೆನಿಸಬಹುದು. ಪತಿಯನ್ನು ಕಳೆದುಕೊಂಡವರು ಸತಿಯರ ಹಿತೈಷಿಣಿಯಾಗಿ ನಿಂತರು. ಅವರ ಕಾದಂಬರಿಗಳ ಆದರ್ಶ ನಾರಿಯರು ಸಹನೆ, ಪಾತಿವ್ರತ್ಯ, ಸಂಸಾರ ನಿಷ್ಠೆಗಳನ್ನು ಕೈಬಿಡುವವರಲ್ಲ. ಹೆಣ್ಣು ಓದಬೇಕು, ಲೋಕವನ್ನು ಅರಿಯಬೇಕು, ಆದರೆ ಮನೆತನದ ಕಟ್ಟು ಮುರಿಯಬಾರದು ಎಂಬುದು ಆ ಬರಹಗಳ ಒಟ್ಟಾರೆ ನಿಲುವು. ಆಂಧ್ರದಲ್ಲಿ ಕಂದುಕೂರಿ ವೀರೇಶಲಿಂಗಂ ಅವರು 1883ರಲ್ಲಿಯೇ ಮಹಿಳೆಯರಿಗಾಗಿ 'ಸತಿಹಿತಬೋಧಿನಿ' ಎಂಬ ಪತ್ರಿಕೆಯನ್ನು ಆರಂಭಿಸಿದ್ದರು. ಸತಿ ಎಂಬ ಪದದ ಆಸರೆಯಲ್ಲಿಯೇ ಸುಧಾರಣೆಯ ಮಾತನಾಡುವುದು ಆ ಯುಗದ ರೀತಿಯಾಗಿತ್ತು.

ಈ ಕಾರಣಕ್ಕೆ ತಿರುಮಲಾಂಬರನ್ನು ಸಂಪ್ರದಾಯವಾದಿ ಎಂದು ಬದಿಗಿರಿಸುವುದು ಸುಲಭ. ಆದರೆ ಅವರು ಬರೆದದ್ದನ್ನು ನೋಡುವಷ್ಟೇ ಎಚ್ಚರದಿಂದ ಅವರು ಮಾಡಿದ್ದನ್ನೂ ನೋಡಬೇಕು. ಅವರ ನಾಯಕಿಯರು ಹೊಸ್ತಿಲು ದಾಟಲು ಅಳುಕಿದರು. ನಾಯಕಿಯರನ್ನು ಸೃಷ್ಟಿಸಿದ ಲೇಖಕಿ ಹೊಸ್ತಿಲೊಳಗೆ ಕುಳಿತೇ ಉದ್ಯಮವೊಂದನ್ನು ಕಟ್ಟಿದರು. ಪತಿಯಿಲ್ಲದ, ಮಕ್ಕಳಿಲ್ಲದ, ಪದವಿಯಿಲ್ಲದ ಹೆಣ್ಣಿಗೆ ಸಮಾಜದಲ್ಲಿ ಹೆಸರೇ ಇಲ್ಲದಿದ್ದ ದಿನಗಳಲ್ಲಿ ಅವರು ಪುಸ್ತಕದ ಮುಖಪುಟದ ಮೇಲೆ ತಮ್ಮ ಹೆಸರನ್ನು ಅಚ್ಚು ಹಾಕಿಸಿದರು. ಸತಿಧರ್ಮವನ್ನು ಬೋಧಿಸುವ ಪುಸ್ತಕವಾದ್ದರಿಂದಲೇ ಅದು ಮನೆಮನೆಯ ಒಳಗೆ ಪ್ರವೇಶ ಪಡೆಯಿತು. ಓದಲು ಅನುಮತಿಯಿಲ್ಲದ ಸೊಸೆಯಂದಿರ ಕೈಗೆ ಕಾದಂಬರಿಯನ್ನು ತಲುಪಿಸಲು ಆ ಹೊದಿಕೆ ಉಪಯುಕ್ತವಾಯಿತು.

ಕರ್ನಾಟಕ ನಂದಿನಿ

ಪುಸ್ತಕಗಳ ಯಶಸ್ಸಿನ ಬೆನ್ನಲ್ಲೇ, 1917ರಲ್ಲಿ, ತಿರುಮಲಾಂಬ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಮೈಸೂರು ಸಂಸ್ಥಾನದಲ್ಲಿ ಪತ್ರಿಕೆಗಳಿಗೆ ಅದು ಅನುಕೂಲದ ಕಾಲವಾಗಿರಲಿಲ್ಲ. ದಿವಾನ್ ವಿ.ಪಿ. ಮಾಧವರಾಯರ ಆಡಳಿತದಲ್ಲಿ 1908ರಲ್ಲಿ ಬಂದ ಪತ್ರಿಕಾ ಕಾಯಿದೆಯ ಕಹಿ ನೆನಪು ಇನ್ನೂ ಮಾಸಿರಲಿಲ್ಲ. ಆ ಕಾಯಿದೆಯನ್ನು ಪ್ರತಿಭಟಿಸಿ ಹಿರಿಯ ಪತ್ರಕರ್ತ ಎಂ. ವೆಂಕಟಕೃಷ್ಣಯ್ಯನವರಂಥವರೇ ಪತ್ರಿಕೆಗಳನ್ನು ನಿಲ್ಲಿಸಿದ್ದರು. ಅನುಭವಿ ಪುರುಷರೇ ಹಿಂಜರಿಯುತ್ತಿದ್ದ ಕ್ಷೇತ್ರಕ್ಕೆ ಮೂವತ್ತರ ಹರೆಯದ ಮಹಿಳೆಯೊಬ್ಬರು ಕಾಲಿಟ್ಟರು.

ಪುಸ್ತಕಕ್ಕೂ ಪತ್ರಿಕೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಪುಸ್ತಕದಲ್ಲಿ ಲೇಖಕಿ ಒಬ್ಬರೇ ಮಾತನಾಡುತ್ತಾರೆ. ಪತ್ರಿಕೆಯಲ್ಲಿ ಹಲವರು ಮಾತನಾಡಬೇಕು. ಸಂಪಾದಕಿಗೆ ಪ್ರತಿ ತಿಂಗಳೂ ಬರಹಗಳು ಬೇಕು, ಬರೆಯುವವರು ಬೇಕು. ಹೆಣ್ಣುಮಕ್ಕಳು ಬರೆಯುವ ಅಭ್ಯಾಸವೇ ಇಲ್ಲದ ನಾಡಿನಲ್ಲಿ ಮಹಿಳಾ ಪತ್ರಿಕೆಯೆಂದರೆ ಓದುಗರನ್ನೂ ಲೇಖಕಿಯರನ್ನೂ ಒಟ್ಟಿಗೆ ಸೃಷ್ಟಿಸುವ ಕೆಲಸ. ಹಾಡುಗಳನ್ನು ಬರೆದಿಟ್ಟುಕೊಂಡಿದ್ದವರು, ಪತ್ರ ಬರೆಯುವಷ್ಟು ಮಾತ್ರ ಕಲಿತವರು ಅಚ್ಚಿನ ಅಕ್ಷರಕ್ಕೆ ಬರಲು ಇಂಥ ಒಂದು ಮನೆಯಂಗಳ ಬೇಕಿತ್ತು. ಪತ್ರಿಕೆ ಬಾಳಿದ್ದು ಕೆಲವೇ ವರ್ಷ. 1922ರಲ್ಲಿ ಅವರು ಆರಂಭಿಸಿದ 'ಸನ್ಮಾರ್ಗದರ್ಶಿ' ಎಂಬ ಇನ್ನೊಂದು ಪತ್ರಿಕೆಯೂ ಬಹುಕಾಲ ನಿಲ್ಲಲಿಲ್ಲ.

ಕಾಲೇಜು ಪತ್ರಿಕೆಗಳ ಲೋಕ

ಇದೇ ಅವಧಿಯಲ್ಲಿ ಕನ್ನಡದಲ್ಲಿ ಮತ್ತೊಂದು ಬಗೆಯ ಪತ್ರಿಕೆಗಳು ತಲೆಯೆತ್ತುತ್ತಿದ್ದವು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ನೇತೃತ್ವದಲ್ಲಿ 'ಪ್ರಬುದ್ಧ ಕರ್ಣಾಟಕ' ಹೊರಬಂತು. ಮೈಸೂರಿನ ಮಹಾರಾಜಾ ಕಾಲೇಜಿನ ವಿದ್ಯಾರ್ಥಿಗಳು 'ಕಿರಿಯ ಕಾಣಿಕೆ', 'ತಳಿರು' ಎಂಬ ಕವನ ಸಂಕಲನಗಳನ್ನು ಹೊರತಂದರು. ಬಿ.ಎಂ. ಶ್ರೀಕಂಠಯ್ಯನವರಂಥ ಗುರುಗಳು ಬೆನ್ನಿಗಿದ್ದರು. ಮುಂದೆ ನವೋದಯವೆಂದು ಹೆಸರಾದ ಸಾಹಿತ್ಯಯುಗ ಮೊಳೆತದ್ದು ಹೆಚ್ಚಾಗಿ ಈ ಕಾಲೇಜು ಸಂಘಗಳ ನೆಲದಲ್ಲಿ. ವಿದ್ಯಾರ್ಥಿಗಳು ಬರೆದರು, ಅಧ್ಯಾಪಕರು ತಿದ್ದಿದರು, ಸಂಘ ಅಚ್ಚು ಹಾಕಿಸಿತು, ಗೆಳೆಯರು ಓದಿ ಚರ್ಚಿಸಿದರು. ಕೆಲವೇ ವರ್ಷಗಳಲ್ಲಿ ಅದೇ ವಿದ್ಯಾರ್ಥಿಗಳು ಅಧ್ಯಾಪಕರಾದರು, ವಿಮರ್ಶಕರಾದರು, ಸಾಹಿತ್ಯ ಚರಿತ್ರೆಯ ಲೇಖಕರಾದರು.

ನಂಜನಗೂಡಿನ ಪತ್ರಿಕೆಗೆ ಈ ಯಾವ ಆಸರೆಯೂ ಇರಲಿಲ್ಲ. ಅದರ ಹಿಂದೆ ಸಂಘವಿಲ್ಲ, ಗ್ರಂಥಾಲಯವಿಲ್ಲ, ಒಂದು ತಂಡ ಹೊರಟು ಹೋದರೆ ಇನ್ನೊಂದು ತಂಡ ಬರುವ ತರಗತಿಗಳಿಲ್ಲ. ಇಡೀ ಭಾರ ಒಬ್ಬರ ಹೆಗಲ ಮೇಲಿತ್ತು. ಕಾಲೇಜು ಪತ್ರಿಕೆಗೆ ಉತ್ತರಾಧಿಕಾರಿಗಳು ತಾವಾಗಿಯೇ ಸಿಗುತ್ತಾರೆ. ಮನೆಯ ಪತ್ರಿಕೆ ಸಂಪಾದಕಿಯ ಕೈ ಸೋತಾಗ ನಿಲ್ಲುತ್ತದೆ. ಕಾಲೇಜಿನಲ್ಲಿ ರೂಪುಗೊಂಡ ಹೊಸ ಅಭಿರುಚಿಗೆ ತಿರುಮಲಾಂಬರ ಸಂಸ್ಕೃತಭೂಯಿಷ್ಠ ಶೈಲಿ, ನೀತಿಬೋಧೆ, ತಿರುವುಗಳ ಮೇಲೆ ತಿರುವು ತರುವ ಕಥನ ಹಳತಾಗಿ ಕಂಡವು. ಅವರ 'ಮಾತೃನಂದಿನಿ' ಕೃತಿಯ ಬಗ್ಗೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬರೆದ ಕಟುವಾದ ವಿಮರ್ಶೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಂದಿನ ಕಾಲದ ಸ್ತ್ರೀವಾದಿ ಚಿಂತಕಿಯರು ಈ ಪ್ರಸಂಗವನ್ನು ಮತ್ತೆ ಮತ್ತೆ ಚರ್ಚಿಸಿದ್ದಾರೆ.

ಬರವಣಿಗೆ ಕ್ರಮೇಣ ನಿಂತುದಕ್ಕೆ ಒಂದು ವಿಮರ್ಶೆಯನ್ನು ಮಾತ್ರ ಹೊಣೆ ಮಾಡುವುದು ನ್ಯಾಯವಲ್ಲ. ಕೃತಿಯನ್ನು ತೂಗುವ ಹಕ್ಕು ವಿಮರ್ಶಕರಿಗೆ ಇದ್ದೇ ಇದೆ. ಆದರೆ ಕಟು ಮಾತು ಕೇಳಿದ ತರುಣ ಲೇಖಕನಿಗೆ ಸಮಾಧಾನ ಹೇಳಲು, ವಾದಿಸಲು, ಮತ್ತೆ ಬರೆಯುವಂತೆ ಹುರಿದುಂಬಿಸಲು ಕಾಲೇಜಿನ ಗೆಳೆಯರ ಬಳಗವಿತ್ತು. ತಿರುಮಲಾಂಬರ ಪರವಾಗಿ ಮಾತನಾಡಬಲ್ಲ ಬಳಗ ಅಂದಿನ ಸಾಹಿತ್ಯ ಲೋಕದಲ್ಲಿ ಇರಲಿಲ್ಲ. ಅವರ ಪುಸ್ತಕಗಳನ್ನು ಕೊಂಡು ಓದಿದ ಸಾವಿರಾರು ಹೆಂಗಸರಿಗೆ ಅಭಿಪ್ರಾಯವಿತ್ತು, ಅದನ್ನು ಅಚ್ಚು ಹಾಕುವ ಪುಟವಿರಲಿಲ್ಲ. ಆ ಪುಟವನ್ನು ಒದಗಿಸಬಹುದಾಗಿದ್ದ ಪತ್ರಿಕೆಗಳೇ ನಿಂತುಹೋದವು.

ಮುಂದುವರಿದ ಹೆಜ್ಜೆ

ಆದರೂ ಅವರು ತೆರೆದ ದಾರಿ ಮುಚ್ಚಿಹೋಗಲಿಲ್ಲ. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ 'ಸರಸ್ವತಿ' ಮಾಸಪತ್ರಿಕೆಯನ್ನು ಆರಂಭಿಸಿ ನಾಲ್ಕು ದಶಕಗಳ ಕಾಲ ನಡೆಸಿದರು. 1938ರಲ್ಲಿ ಮಕ್ಕಳ ಕೂಟವನ್ನೂ ಸ್ಥಾಪಿಸಿದರು. ಬೆಳಗೆರೆ ಜಾನಕಮ್ಮ, ಕೊಡಗಿನ ಗೌರಮ್ಮ ಮೊದಲಾದವರು ಕವಿತೆ, ಕಥೆಗಳಲ್ಲಿ ಹೆಣ್ಣಿನ ಒಳಲೋಕವನ್ನು ಹೊಸ ಭಾಷೆಯಲ್ಲಿ ತೆರೆದಿಟ್ಟರು. ಸ್ವಾತಂತ್ರ್ಯಾನಂತರ ತ್ರಿವೇಣಿಯವರ ಕಾದಂಬರಿಗಳು ಮನೆಮಾತಾದವು. ಲೇಖಕಿಯೊಬ್ಬಳು ಪುಸ್ತಕ ಪ್ರಕಟಿಸುವುದು ಆ ಹೊತ್ತಿಗೆ ಅಚ್ಚರಿಯ ಸಂಗತಿಯಾಗಿ ಉಳಿದಿರಲಿಲ್ಲ. ಮೊದಲು ಪ್ರಕಟಿಸಿದವರ ಹೆಸರು ಮಾತ್ರ ಜನಮನದಿಂದ ದೂರವಾಗಿತ್ತು. ಬಾಳಿನ ಕೊನೆಯ ಕಾಲವನ್ನು ತಿರುಮಲಾಂಬ ಮದರಾಸಿನಲ್ಲಿ, ಕನ್ನಡ ಸಾಹಿತ್ಯ ವಲಯದಿಂದ ಬಹುದೂರದಲ್ಲಿ ಕಳೆದರು.

ಚಳವಳಿ ಕಂಡ ಪೂರ್ವಜೆ

ವಿಶ್ವಸಂಸ್ಥೆ 1975ನ್ನು ಅಂತಾರಾಷ್ಟ್ರೀಯ ಮಹಿಳಾ ವರ್ಷವೆಂದು ಸಾರಿತು. ಕರ್ನಾಟಕದ ಕಾಲೇಜು ಆವರಣಗಳು ಅಷ್ಟರಲ್ಲಿಯೇ ಬಿಸಿಯೇರಿದ್ದವು. 1973ರ ಬೂಸಾ ಪ್ರಕರಣ ವಿದ್ಯಾರ್ಥಿ ಸಮುದಾಯವನ್ನು ಇಬ್ಭಾಗ ಮಾಡಿ, ಸಾಹಿತ್ಯವನ್ನು ಯಾರು ಬರೆದರು, ಯಾರಿಗಾಗಿ ಬರೆದರು ಎಂಬ ಪ್ರಶ್ನೆಯನ್ನು ಮುನ್ನೆಲೆಗೆ ತಂದಿತ್ತು. ದಲಿತ, ಬಂಡಾಯ ಚಳವಳಿಗಳ ಜೊತೆಜೊತೆಗೆ ಮಹಿಳಾ ವಿಮೋಚನೆಯ ಮಾತೂ ಕೇಳಿಬಂತು. ಮೈಸೂರಿನಲ್ಲಿ 1978ರಲ್ಲಿ ಸಮತಾ ವೇದಿಕೆ ರೂಪುಗೊಂಡಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪನೆಯಾಯಿತು. ಕರಪತ್ರ, ಭಿತ್ತಿಪತ್ರ, ಕಾಲೇಜು ಸಂಚಿಕೆ, ಸಣ್ಣ ಪತ್ರಿಕೆಗಳು ಈ ಚಳವಳಿಯ ವಾಹಕಗಳಾದವು. ಒಂದು ಕಾಲಕ್ಕೆ ಮುಖ್ಯವಾಗಿ ಪುರುಷರ ವೇದಿಕೆಯಾಗಿದ್ದ ಕಾಲೇಜು ಪತ್ರಿಕೆಯಲ್ಲಿ ಈಗ ವಿದ್ಯಾರ್ಥಿನಿಯರು ವರದಕ್ಷಿಣೆ, ಅತ್ಯಾಚಾರ, ಕೂಲಿ ತಾರತಮ್ಯಗಳ ಬಗ್ಗೆ ಬರೆಯತೊಡಗಿದರು.

ಹೊಸ ಚಳವಳಿಗೆ ತನ್ನ ಪೂರ್ವಜರು ಯಾರೆಂಬ ಪ್ರಶ್ನೆ ಎದುರಾದಾಗ ತಿರುಮಲಾಂಬರ ಹೆಸರು ಮತ್ತೆ ಬೆಳಕಿಗೆ ಬಂತು. ಅವರ ಬದುಕು ಬರಹಗಳನ್ನು ಕನ್ನಡಿಗರಿಗೆ ಮರುಪರಿಚಯಿಸಿದವರಲ್ಲಿ ಇಬ್ಬರು ಅಧ್ಯಾಪಕಿಯರು ಪ್ರಮುಖರು. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ಕಟ್ಟಿದ ಶಾಶ್ವತಿ ಸಂಸ್ಥೆ ಲೇಖಕಿಯರಿಗಾಗಿ ತಿರುಮಲಾಂಬರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕಿಯಾಗಿದ್ದ, ಸಮತಾ ವೇದಿಕೆಯ ಮುಂಚೂಣಿಯಲ್ಲಿದ್ದ ವಿಜಯಾ ದಬ್ಬೆಯವರು 'ಹಿತೈಷಿಣಿಯ ಹೆಜ್ಜೆಗಳು' ಎಂಬ ಕೃತಿಯ ಮೂಲಕ ಅವರ ಸಾಧನೆಯನ್ನು ಅಧ್ಯಯನಕ್ಕೆ ಒಳಪಡಿಸಿದರು. ಕಾಲೇಜಿನ ಲೋಕ ಒಮ್ಮೆ ಕಡೆಗಣಿಸಿದ ಲೇಖಕಿಯನ್ನು ಕಾಲೇಜಿನ ಮಹಿಳೆಯರೇ ಮರಳಿ ತಂದರು.

ತಿರುಮಲಾಂಬ ನಿಧನರಾದದ್ದು 1982ರ ಆಗಸ್ಟ್ 31ರಂದು. ಬಾಲ್ಯವಿವಾಹ ಸಹಜವೆನಿಸಿದ್ದ ಕಾಲದಲ್ಲಿ ಹುಟ್ಟಿದವರು ವಿದ್ಯಾರ್ಥಿನಿಯರು ಘೋಷಣೆ ಕೂಗುತ್ತ ಬೀದಿಗಿಳಿದ ಕಾಲದವರೆಗೂ ಬದುಕಿದ್ದರು. ಅವರ ವಿಚಾರಗಳೆಲ್ಲವನ್ನೂ ಆ ವಿದ್ಯಾರ್ಥಿನಿಯರು ಒಪ್ಪುತ್ತಿರಲಿಲ್ಲ, ಒಪ್ಪಬೇಕಾಗಿಯೂ ಇರಲಿಲ್ಲ. ಆದರೆ ಹೆಣ್ಣು ತನ್ನ ಮಾತನ್ನು ತಾನೇ ಬರೆದು, ತಾನೇ ಸಂಪಾದಿಸಿ, ತಾನೇ ಪ್ರಕಟಿಸಬೇಕೆಂಬ ಅವರ ಬೇಡಿಕೆಯನ್ನು ನಂಜನಗೂಡಿನ ಆ ಮನೆ 1913ರಲ್ಲಿಯೇ ಕೈಗೂಡಿಸಿ ತೋರಿಸಿತ್ತು.

ಇಂದು ಅವರ ಹೆಸರು ಸಾಕಷ್ಟು ಜನರಿಗೆ ಗೊತ್ತು; ಅವರ ಪುಸ್ತಕಗಳನ್ನು ಓದಿದವರು ವಿರಳ. ಪ್ರಥಮ ಮಹಿಳೆ ಎಂಬ ಬಿರುದನ್ನು ಕೊಟ್ಟು ಕೃತಿಗಳನ್ನು ಕಪಾಟಿನಲ್ಲಿಡುವುದೂ ಮರೆವಿನ ಇನ್ನೊಂದು ರೂಪವೇ ಸರಿ. 'ಸುಶೀಲೆ', 'ನಭಾ'ಗಳನ್ನು ಇಂದಿನ ವಿದ್ಯಾರ್ಥಿಗಳು ಕೈಗೆತ್ತಿಕೊಂಡು ಓದಬೇಕು, ಒಪ್ಪದ ಕಡೆ ವಾದಿಸಬೇಕು, ತಮ್ಮ ಕಾಲೇಜಿನ ಸಂಚಿಕೆಗಳಲ್ಲಿ ಅದನ್ನು ಬರೆಯಬೇಕು. ಅಂದು ಅವರ ಓದುಗರಿಗೆ ದೊರೆಯದೆ ಹೋದ ಪುಟ ಇಂದು ನಮ್ಮ ಕೈಯಲ್ಲಿದೆ.